ಹಸಿವಿನ ಬಗ್ಗೆ ಪತ್ರ ಬರೆದು ಎಲ್ಲವನ್ನೂ ಕಳೆದುಕೊಂಡ ಸೇನಾಪತಿ ಪೆಂಗ್ ದೆಹುವಾಯಿ

ಚೀನಾ ಜನತಾ ಗಣರಾಜ್ಯದ ಮೊದಲ ರಕ್ಷಣಾ ಸಚಿವ. ಮಾರ್ಷಲ್ ಪದವಿ ಪಡೆದ ಹತ್ತೇ ಜನರಲ್ಲಿ ಒಬ್ಬರು. ಆದರೆ 1974ರ ನವೆಂಬರ್ 29ರಂದು ಪೆಂಗ್ ದೆಹುವಾಯಿ ತೀರಿಕೊಂಡಾಗ ಶವ ಸುಟ್ಟಿದ್ದು ಬೇರೆ ಯಾರದ್ದೋ ಹೆಸರಿನಲ್ಲಿ. ಇಷ್ಟಕ್ಕೆಲ್ಲ ಕಾರಣ ಒಂದು ಪತ್ರ.

1898ರಲ್ಲಿ ಹುನಾನ್ ಪ್ರಾಂತ್ಯದ ಶಿಯಾಂಗ್‌ತಾನ್‌ನಲ್ಲಿ ಹುಟ್ಟಿದವರು ಪೆಂಗ್. ಮಾವೋ ಕೂಡ ಅದೇ ಸೀಮೆಯವರು. ಆದರೆ ಮಾವೋ ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ, ಪೆಂಗ್ ಮನೆಯಲ್ಲಿ ಇದ್ದದ್ದೇ ಕೊರತೆ. ಚಿಕ್ಕಂದಿನಲ್ಲೇ ತಾಯಿ ಹೋದರು, ಓದು ನಿಂತಿತು. ಹೊಸ ವರ್ಷದ ಹಬ್ಬದ ದಿನ ಹುಡುಗ ತಮ್ಮನ ಜತೆ ಭಿಕ್ಷೆಗೆ ಹೋಗಬೇಕಾಯ್ತು. ಮರುದಿನ ಹೋಗಲ್ಲ ಅಂತ ಹಟ ಹಿಡಿದಾಗ ವಯಸ್ಸಾದ ಅಜ್ಜಿಯೇ ಕೋಲೂರಿಕೊಂಡು ಹೊರಟರು. ಆ ನೋವು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಆಮೇಲೆ ದನ ಕಾಯ್ದದ್ದಾಯ್ತು, ಕಲ್ಲಿದ್ದಲು ಗಣಿಯಲ್ಲಿ ದುಡಿದದ್ದಾಯ್ತು. ಬರಗಾಲದಲ್ಲಿ ಸಾಹುಕಾರನ ಕಣಜ ಒಡೆದವರ ಗುಂಪಿನಲ್ಲಿ ಸೇರಿ, ಊರು ಬಿಟ್ಟು ಓಡಬೇಕಾಯ್ತು.

ಹೊಟ್ಟೆಪಾಡಿಗೆ 1916ರಲ್ಲಿ ಹುನಾನ್ ಸೇನೆ ಸೇರಿದರು. 1928ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿ, ಅದೇ ಜುಲೈನಲ್ಲಿ ಪಿಂಗ್‌ಜಿಯಾಂಗ್‌ನಲ್ಲಿ ತಮ್ಮ ಸೈನಿಕರೊಂದಿಗೆ ಬಂಡೆದ್ದರು. ಮುಂದೆ ಲಾಂಗ್ ಮಾರ್ಚ್, ಜಪಾನೀಯರ ವಿರುದ್ಧದ ಯುದ್ಧ, ಅಂತರ್ಯುದ್ಧ. ಎಲ್ಲದರಲ್ಲೂ ಪೆಂಗ್ ಮುಂಚೂಣಿಯಲ್ಲೇ ಇದ್ದರು.

1950ರಲ್ಲಿ ಅಮೆರಿಕದ ಪಡೆಗಳು ಕೊರಿಯಾದಲ್ಲಿ ಚೀನಾದ ಗಡಿಯತ್ತ ಬರುತ್ತಿದ್ದಾಗ ಚೀನೀ ಪಡೆಯ ಹೊಣೆ ಹೊತ್ತವರೂ ಅವರೇ. ಮಾವೋ ಮಗ ಅನ್‌ಯಿಂಗ್ ಪೆಂಗ್ ಅವರ ಕಚೇರಿಯಲ್ಲೇ ಕೆಲಸಕ್ಕಿದ್ದ. ನವೆಂಬರ್ 25ರಂದು ಅಲ್ಲಿ ಬಿದ್ದ ಬಾಂಬಿಗೆ ಬಲಿಯಾದ. ಊಟ, ಬೆಚ್ಚನೆ ಬಟ್ಟೆ ಇಲ್ಲದೆ ಸೈನಿಕರು ಹಿಮದಲ್ಲಿ ಸಾಯುತ್ತಿದ್ದುದನ್ನು ಕಂಡ ಪೆಂಗ್ ಬೀಜಿಂಗಿಗೆ ಬಂದು ಪರಿಸ್ಥಿತಿಯನ್ನು ಮಾವೋಗೆ ನೇರವಾಗಿಯೇ ಹೇಳಿದರು. 1953ರ ಜುಲೈನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ನಂತರ ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಸಮಸ್ಯೆ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ತಿಮ್ಮಯ್ಯ ಅಧ್ಯಕ್ಷರಾಗಿದ್ದರು ಅನ್ನೋದು ಇಲ್ಲಿ ನೆನಪಿಡಬೇಕಾದ ಸಂಗತಿ.

ಇನ್ನು ಆ ಪತ್ರದ ವಿಷಯ. 1958ರಲ್ಲಿ ಮಾವೋ ಮಹಾ ಜಿಗಿತ ಘೋಷಿಸಿದರು. ಹಿತ್ತಲಲ್ಲೇ ಉಕ್ಕು ತಯಾರಿಸಿ ಅಂತ ಆದೇಶ. ಜನ ಅಡುಗೆ ಪಾತ್ರೆಗಳನ್ನೇ ಕುಲುಮೆಗೆ ಹಾಕಿದರು. ಕೊಯ್ಲಿಗೆ ಆಳಿಲ್ಲದೆ ಪೈರು ಹೊಲದಲ್ಲೇ ಕೊಳೆಯಿತು. ಅಧಿಕಾರಿಗಳು ಮಾತ್ರ ಬೆಳೆ ಹತ್ತಾರು ಪಟ್ಟು ಬಂದಿದೆ ಅಂತ ವರದಿ ಬರೆದು, ಆ ಲೆಕ್ಕದಲ್ಲೇ ರೈತರಿಂದ ಧಾನ್ಯ ಎತ್ತಿಕೊಂಡು ಹೋದರು. ವರ್ಷದ ಕೊನೆಗೆ ಹುನಾನ್‌ಗೆ ಬಂದ ಪೆಂಗ್ ಇದನ್ನೆಲ್ಲ ಕಣ್ಣಾರೆ ನೋಡಿದರು. ಭಿಕ್ಷೆ ಬೇಡಿದ್ದ ಹುಡುಗನಿಗೆ ಹಸಿವನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

1959ರ ಜುಲೈನಲ್ಲಿ ಲೂಶಾನ್ ಬೆಟ್ಟದಲ್ಲಿ ಪಕ್ಷದ ಸಭೆ. ಜುಲೈ 14ರಂದು ಪೆಂಗ್ ಮಾವೋಗೆ ಖಾಸಗಿ ಪತ್ರ ಕೊಟ್ಟರು. ಭಾಷೆ ಮೆದುವಾಗಿಯೇ ಇತ್ತು. ಮೊದಲು ಸಾಧನೆಗಳನ್ನು ಹೊಗಳಿ, ಆಮೇಲೆ ತಪ್ಪುಗಳತ್ತ ಬೆರಳು ತೋರಿಸಿದ್ದರು. ಮಾವೋ ಅದನ್ನು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿಸಿದರು, ಜುಲೈ 23ರಂದು ತುಂಬಿದ ಸಭೆಯಲ್ಲಿ ಹರಿಹಾಯ್ದರು. ಮೊದಲು ತಲೆಯಾಡಿಸಿದ್ದವರಲ್ಲೂ ಹೆಚ್ಚಿನವರು ತಿರುಗಿ ನಿಂತರು. ಸಚಿವ ಸ್ಥಾನ ಲಿನ್ ಬಿಯಾವೋ ಪಾಲಾಯಿತು. ಇನ್ನೂ ಕೆಟ್ಟದ್ದೆಂದರೆ, ಪೆಂಗ್‌ಗೆ ಆದ ಗತಿ ನೋಡಿ ಸತ್ಯ ಹೇಳಲು ಬೇರೆಯವರೂ ಹೆದರಿದರು. ಬದಲಾಗಬಹುದಿದ್ದ ನೀತಿ ಮತ್ತೆ ಬಿರುಸಾಯಿತು. ಆ ಬರದಲ್ಲಿ ಕೋಟಿಗಟ್ಟಲೆ ಜನ ಸತ್ತರು.

ಪೆಂಗ್ ಮಾರ್ಷಲ್ ಸಮವಸ್ತ್ರ ವಾಪಸ್ ಕೊಟ್ಟು ಬೀಜಿಂಗ್ ಹೊರವಲಯದ ಹಳೇ ತೋಟದ ಮನೆಗೆ ಹೋದರು. ತಾವೇ ಗುದ್ದಲಿ ಹಿಡಿದು ತರಕಾರಿ ಬೆಳೆದರು. ಒಂದು ತುಂಡು ನೆಲದಲ್ಲಿ ಗೋಧಿ ಬಿತ್ತಿ, ನಿಜವಾಗಿ ಎಷ್ಟು ಬೆಳೆಯುತ್ತೆ ಅಂತ ತೂಗಿಯೂ ನೋಡಿದರು! 1962ರಲ್ಲಿ ತಮ್ಮ ಮೇಲಿನ ಆರೋಪಗಳಿಗೆ ಉತ್ತರವಾಗಿ ಸುದೀರ್ಘ ಮನವಿ ಬರೆದರೂ ಪ್ರಯೋಜನವಾಗಲಿಲ್ಲ.

1966ರ ಡಿಸೆಂಬರ್‌ನಲ್ಲಿ ರೆಡ್ ಗಾರ್ಡ್‌ಗಳು ಚೆಂಗ್ಡುವಿನಿಂದ ಅವರನ್ನು ಎಳೆದು ತಂದರು. ನೂರಕ್ಕೂ ಹೆಚ್ಚು ಬಾರಿ ವಿಚಾರಣೆ. ಹೊಡೆತಕ್ಕೆ ಪಕ್ಕೆಲುಬು ಮುರಿದವು. ಕೊನೆಗೆ ಕ್ಯಾನ್ಸರ್. ಚಿತಾಭಸ್ಮದ ಪೆಟ್ಟಿಗೆ ಮೇಲೆ ವಾಂಗ್ ಚುವಾನ್ ಎಂಬ ಸುಳ್ಳು ಹೆಸರು ಬರೆದು ಚೆಂಗ್ಡುವಿಗೆ ಕಳಿಸಿದರು.

ಮಾವೋ ತೀರಿಕೊಂಡ ಎರಡು ವರ್ಷಕ್ಕೆ, 1978ರ ಡಿಸೆಂಬರ್‌ನಲ್ಲಿ, ಆ ಪೆಟ್ಟಿಗೆಯನ್ನು ಬೀಜಿಂಗಿಗೆ ತಂದು ಸರ್ಕಾರಿ ಗೌರವ ಸಲ್ಲಿಸಲಾಯಿತು. ವಿಚಾರಣೆ ಮಾಡುವವರಿಗಾಗಿ ಸೆರೆಯಲ್ಲಿ ಪೆಂಗ್ ಬರೆದುಕೊಟ್ಟಿದ್ದ ಬರಹಗಳು ಸೇರಿ 1981ರಲ್ಲಿ ಅವರ ಆತ್ಮಕಥೆಯಾಗಿ ಅಚ್ಚಾದವು.