ಭೂಕಂಪದ ಬೂದಿಯಲ್ಲಿ ಡೇರೆ ಹಾಕಿದ ಪಾದ್ರಿ ಟೊಯೊಹಿಕೊ ಕಗಾವಾ

1923ರ ಸೆಪ್ಟೆಂಬರ್ 1, ಶನಿವಾರ. ಮಧ್ಯಾಹ್ನ 12 ಗಂಟೆಗೆ ಇನ್ನೆರಡು ನಿಮಿಷವಿದ್ದಾಗ ಜಪಾನಿನ ಟೋಕಿಯೊ ಮತ್ತು ಯೊಕೊಹಾಮಾ ನಗರಗಳು ನಡುಗಿದವು. ಮನೆಮನೆಯಲ್ಲೂ ಅಡುಗೆಯ ಒಲೆ ಉರಿಯುತ್ತಿದ್ದ ಹೊತ್ತು. ಮರದ ಮನೆಗಳಿಗೆ ಬೆಂಕಿ ಹತ್ತಿತು. ಸತ್ತವರು, ಕಾಣೆಯಾದವರು ಒಂದು ಲಕ್ಷಕ್ಕೂ ಹೆಚ್ಚು. ಟೋಕಿಯೊದ ಬಡವರ ಬಡಾವಣೆ ಹೊಂಜೊದಲ್ಲಿ ಜೀವ ಉಳಿಸಿಕೊಳ್ಳಲು ಒಂದೇ ಬಯಲಿನಲ್ಲಿ ಸೇರಿದ್ದವರ ಪೈಕಿ ಸುಮಾರು 38 ಸಾವಿರ ಜನ ಬೆಂಕಿಯ ಸುಳಿಗೆ ಸಿಕ್ಕಿ ಸುಟ್ಟುಹೋದರು.

ಸುದ್ದಿ ತಿಳಿಯುತ್ತಲೇ ದೂರದ ಕೋಬೆ ನಗರದಿಂದ ಪರಿಹಾರ ಸಾಮಗ್ರಿಯೊಂದಿಗೆ ಹಡಗು ಹತ್ತಿದವರಲ್ಲಿ 35 ವರ್ಷದ ಪಾದ್ರಿ ಟೊಯೊಹಿಕೊ ಕಗಾವಾ ಕೂಡ ಒಬ್ಬರು.

ಕಗಾವಾ ಹುಟ್ಟಿದ್ದು 1888ರ ಜುಲೈ 10ರಂದು, ಕೋಬೆಯಲ್ಲಿ. ನಾಲ್ಕೈದು ವರ್ಷಕ್ಕೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ತೊಕುಶಿಮಾದಲ್ಲಿ ಓದುತ್ತಿದ್ದಾಗ ಅಮೆರಿಕದ ಮಿಷನರಿಗಳಾದ ಮೈಯರ್ಸ್ ಮತ್ತು ಲೋಗನ್ ಅವರಿಂದ ಇಂಗ್ಲಿಷ್ ಕಲಿತರು, 1904ರಲ್ಲಿ ದೀಕ್ಷಾಸ್ನಾನ ಪಡೆದರು. ಬಂಧುಗಳು ದೂರ ಮಾಡಿದರು. ಕ್ಷಯ ಕಾಡಿತು. ಹೆಚ್ಚು ದಿನ ಬದುಕುವುದಿಲ್ಲ ಎಂದುಕೊಂಡಿದ್ದ ಯುವಕ, 1909ರ ಕ್ರಿಸ್‌ಮಸ್‌ ಹಿಂದಿನ ದಿನ ಕೋಬೆಯ ಶಿಂಕಾವಾ ಕೊಳೆಗೇರಿಗೆ ಹೋಗಿ ನೆಲೆಸಿದರು. ಅಲ್ಲಿ ಅಂಟಿದ ಟ್ರಕೋಮಾ ಕಾಯಿಲೆ ಅವರ ಕಣ್ಣನ್ನು ಕೊನೆಯವರೆಗೂ ಬಾಧಿಸಿತು.

ಅನ್ನ, ಔಷಧ ಹಂಚಿದರೆ ಬಡತನ ಹೋಗದು ಎಂಬುದನ್ನು ಕೊಳೆಗೇರಿಯೇ ಅವರಿಗೆ ಕಲಿಸಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದಿ ಬಂದವರು ಕಾರ್ಮಿಕ ಸಂಘಟನೆಗೆ ಇಳಿದರು. 1920ರಲ್ಲಿ ಪ್ರಕಟವಾದ ಅವರ ಕಾದಂಬರಿ ಭಾರೀ ಮಾರಾಟ ಕಂಡಿತು. ಆ ಹಣವೂ ಚಳವಳಿಗೇ ಹೋಯಿತು. 1921ರಲ್ಲಿ ಕೋಬೆಯ ಹಡಗು ಕಾರ್ಖಾನೆಗಳ ಮುಷ್ಕರದಲ್ಲಿ ಬಂಧನಕ್ಕೊಳಗಾದರು. ಅದೇ ವರ್ಷ ಕೋಬೆಯಲ್ಲಿ ಗ್ರಾಹಕರ ಸಹಕಾರ ಸಂಘ ಕಟ್ಟಲು ನೆರವಾದರು.

ಭೂಕಂಪ ಆದಾಗ ಈ ಅನುಭವವೆಲ್ಲ ಬಳಕೆಗೆ ಬಂತು. ಸುಟ್ಟ ನಗರವನ್ನು ಕಣ್ಣಾರೆ ಕಂಡು ಹಿಂತಿರುಗಿದ ಕಗಾವಾ ಊರೂರು ಸುತ್ತಿ ಭಾಷಣ ಮಾಡಿ ಹಣ ಕೂಡಿಸಿದರು. ಅಕ್ಟೋಬರ್‌ನಲ್ಲಿ ಸಂಗಡಿಗರೊಂದಿಗೆ ಹೊಂಜೊಗೆ ಬಂದು ಡೇರೆ ಹಾಕಿದರು. ಚಳಿಗಾಲ ಎದುರಿಗಿತ್ತು. ಹಾಸಿಗೆ ಹೊದಿಕೆ ಹಂಚಿಕೆ, ಚಿಕಿತ್ಸೆ, ಮಕ್ಕಳ ಪಾಲನೆ, ಪ್ರಾರ್ಥನೆ ಎಲ್ಲವೂ ಒಂದೇ ಜಾಗದಲ್ಲಿ ನಡೆದವು. ಚರ್ಚ್ ಎಂದರೆ ಗೋಡೆಯಲ್ಲ, ಒಬ್ಬರಿಗೊಬ್ಬರು ಆಗುವ ಜನ ಎಂಬ ಅವರ ನಂಬಿಕೆಗೆ ಡೇರೆಯೇ ರೂಪ ಕೊಟ್ಟಿತು.

ಪರಿಹಾರದ ಗಾಡಿಗಳು ನಿಂತ ಮೇಲೂ ಕಗಾವಾ ಕೆಲಸ ನಿಲ್ಲಲಿಲ್ಲ. ಮನೆ ಕಳೆದುಕೊಂಡವರು ಅಳಿದುಳಿದ ಬಟ್ಟೆಬರೆ ಗಿರವಿ ಇಟ್ಟು ದುಬಾರಿ ಬಡ್ಡಿಗೆ ಸಿಲುಕುತ್ತಿದ್ದರು. ಅವರಿಗಾಗಿ 1928ರಲ್ಲಿ ಅದೇ ಪ್ರದೇಶದಲ್ಲಿ ಗಿರವಿ ಸಾಲದ ಸಹಕಾರ ಸಂಘವೇ ಹುಟ್ಟಿತು. ಮುಂದೆ ಟೋಕಿಯೊದಲ್ಲಿ ಸಹಕಾರಿ ಆಸ್ಪತ್ರೆಯೂ ಬಂತು.

1938ರ ಡಿಸೆಂಬರ್‌ನಲ್ಲಿ ಮದ್ರಾಸಿನ ತಾಂಬರಂನಲ್ಲಿ ಜರುಗಿದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನಕ್ಕೆ ಕಗಾವಾ ಬಂದಿದ್ದರು. ಮರುತಿಂಗಳು ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡರು. ಆಗ ಜಪಾನ್ ಚೀನಾದ ಮೇಲೆ ಯುದ್ಧ ಹೂಡಿತ್ತು. ತಮ್ಮ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕಗಾವಾ ಕೇಳಿದರು. ಸಹಕಾರ ಸಂಘಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ದೇಶದ ಮಾನವನ್ನು ಇನ್ನೊಂದರಲ್ಲೂ ಇಟ್ಟು ತೂಗಿ, ಪ್ರಾಣ ಹೋದರೂ ಸತ್ಯ ಹೇಳಿ ಎಂಬುದು ಗಾಂಧೀಜಿ ಕೊಟ್ಟ ಉತ್ತರದ ತಾತ್ಪರ್ಯ.

1940ರ ಆಗಸ್ಟ್‌ನಲ್ಲಿ ಯುದ್ಧವಿರೋಧದ ಆರೋಪದ ಮೇಲೆ ಮಿಲಿಟರಿ ಪೊಲೀಸರು ಕಗಾವಾ ಅವರನ್ನು ಬಂಧಿಸಿದರು. ಆದರೆ ಯುದ್ಧದ ಕೊನೆಯ ವರ್ಷಗಳಲ್ಲಿ ಅವರೇ ರೇಡಿಯೊದಲ್ಲಿ ಅಮೆರಿಕವನ್ನು ಖಂಡಿಸಿ ಮಾತನಾಡಿದರು. ಆ ಮಾತು ಇಂದಿಗೂ ಟೀಕೆಗೆ ಗುರಿ. ಶೋಷಿತ ಸಮುದಾಯದ ಬಗ್ಗೆ ತಾರುಣ್ಯದಲ್ಲಿ ಅವರು ಬರೆದ ಪೂರ್ವಗ್ರಹದ ಸಾಲುಗಳೂ ಅಷ್ಟೇ. ಸೇವೆಯ ಲೆಕ್ಕದಲ್ಲಿ ಇವನ್ನು ಮರೆಮಾಚುವಂತಿಲ್ಲ.

1960ರ ಏಪ್ರಿಲ್ 23ರಂದು ಟೋಕಿಯೊದಲ್ಲಿ ಕಗಾವಾ ನಿಧನರಾದರು. ಅದಾಗಿ 35 ವರ್ಷಕ್ಕೆ, 1995ರ ಜನವರಿ 17ರಂದು, ಅವರು ಹುಟ್ಟಿದ ಕೋಬೆಯೇ ಭೂಕಂಪಕ್ಕೆ ತತ್ತರಿಸಿತು. 1921ರಲ್ಲಿ ಅವರು ಬೀಜ ಬಿತ್ತಿದ ಸಂಘ ಅಷ್ಟರಲ್ಲಿ ಕೋಆಪ್ ಕೋಬೆ ಎಂಬ ದೊಡ್ಡ ಸಂಸ್ಥೆಯಾಗಿತ್ತು. ಅದರ ಕೇಂದ್ರ ಕಚೇರಿಯ ಕಟ್ಟಡ ಕುಸಿದಿತ್ತು. ಆದರೂ ತುರ್ತು ಕಾಲಕ್ಕೆಂದು ನಗರಾಡಳಿತದೊಂದಿಗೆ ಮೊದಲೇ ಮಾಡಿಕೊಂಡಿದ್ದ ಒಪ್ಪಂದದಂತೆ ಸಂತ್ರಸ್ತರಿಗೆ ಆಹಾರ, ಅಗತ್ಯ ವಸ್ತು ಪೂರೈಸಲು ಸಂಘದ ಸಿಬ್ಬಂದಿ ಮುಂದಾದರು.