ಮಣ್ಣಿನ ಶಿಷ್ಯ ಆಲ್ಬರ್ಟ್ ಹೋವರ್ಡ್

ಎರಡು ವರ್ಷಗಳ ಕೆಳಗೆ ನಮ್ಮ ಹೊಲದ ಬದನೆಗಿಡಗಳು ಕಾಯಿ ಕಚ್ಚುವ ಹೊತ್ತಿಗೆ ಸೊರಗಿ ಬಿದ್ದವು. ಆ ಮಡಿಯಲ್ಲಿ ವರುಷ ವರುಷವೂ ಬದನೆ, ತಪ್ಪಿದರೆ ಟೊಮೇಟೊ. ನನ್ನ ಹಾಸ್ಟೆಲ್ ಖರ್ಚಿಗೆ ತಂದೆಯವರು ನಂಬಿದ್ದುದು ಆ ಬೆಳೆಯನ್ನೇ. ರೋಗಕ್ಕೆ ಮದ್ದು ಹುಡುಕುತ್ತ ಪುಸ್ತಕ ಭಂಡಾರಕ್ಕೆ ಹೋದವನಿಗೆ ಸರ್ ಆಲ್ಬರ್ಟ್ ಹೋವರ್ಡರ ಗ್ರಂಥ ಸಿಕ್ಕಿತು. ಮದ್ದು ಅದರಲ್ಲಿರಲಿಲ್ಲ, ಒಬ್ಬ ಮನುಷ್ಯನ ಪರಿಚಯವಾಯಿತು.

ಹೋವರ್ಡರು ೧೮೭೩ರಲ್ಲಿ ಇಂಗ್ಲೆಂಡಿನ ಷ್ರಾಪ್‌ಷೈರ್ ಪ್ರಾಂತದ ಒಕ್ಕಲು ಮನೆತನದಲ್ಲಿ ಹುಟ್ಟಿದರು. ಕೇಂಬ್ರಿಡ್ಜಿನಲ್ಲಿ ಓದಿ, ವೆಸ್ಟ್ ಇಂಡೀಸಿಗೆ ಹೋಗಿ ಬೆಳೆಗಳ ಬೂಷ್ಟು ರೋಗಗಳನ್ನು ಅಭ್ಯಸಿಸಿದರು. ಅಲ್ಲಿ ಅವರನ್ನು ಒಂದು ಸಂಕೋಚ ಕಾಡಿತು. ರೈತರಿಗೆ ಹೇಳುತ್ತಿದ್ದ ಉಪಾಯಗಳನ್ನು ತಾವೇ ಮಾಡಿ ನೋಡಲು ಅವರಿಗೆ ಅಂಗೈಯಗಲ ನೆಲವಿರಲಿಲ್ಲ!

೧೯೦೫ರಲ್ಲಿ ಬಿಹಾರದ ಪೂಸಾಕ್ಕೆ ಸರಕಾರಿ ಸಸ್ಯವಿಜ್ಞಾನಿಯಾಗಿ ಬಂದ ಮೇಲೆ ೭೫ ಎಕರೆ ಭೂಮಿ ದೊರೆಯಿತು. ಪತ್ನಿ ಗೇಬ್ರಿಯೆಲ್ ಕೂಡ ಸಸ್ಯವಿಜ್ಞಾನಿ. ಇಬ್ಬರೂ ಸೇರಿ ಗೋಧಿಯ ಉತ್ತಮ ತಳಿಗಳನ್ನು ಬೆಳೆಸಿದರು. ಸುತ್ತಲಿನ ರೈತರ ಬೆಳೆಗಳು ಔಷಧವಿಲ್ಲದೆ ನಳನಳಿಸುತ್ತಿದ್ದುದನ್ನು ಕಂಡು ಹೋವರ್ಡರು ಅವರನ್ನೇ ಗುರುಗಳೆಂದು ಭಾವಿಸಿದರು. ಧಾನ್ಯದ ನಡುವೆ ದ್ವಿದಳದ ಸಾಲು ಬಿತ್ತುವ ಪದ್ಧತಿ ಅವರ ಮನಸ್ಸನ್ನು ಸೆಳೆಯಿತು. ನಮ್ಮ ಕಡೆ ಅಕ್ಕಡಿ ಎನ್ನುವುದು ಇದನ್ನೇ. ಪದವಿ ಪಡೆದ ಅಧಿಕಾರಿ ರೈತನ ಬದುವಿನ ಮೇಲೆ ಶಿಷ್ಯನಾಗಿ ನಿಂತದ್ದು ಅವರ ಜೀವನದ ದೊಡ್ಡ ಘಟನೆಯೆಂದು ನನಗೆ ತೋರುತ್ತದೆ.

೧೯೨೪ರಿಂದ ೧೯೩೧ರವರೆಗೆ ಇಂದೂರಿನಲ್ಲಿದ್ದು, ಯಶವಂತ ವಾಡರೊಡನೆ ಕಸಕಡ್ಡಿ, ಸಗಣಿ, ಗಂಜಲದ ಮಣ್ಣು, ಬೂದಿಗಳನ್ನು ಪದರವಾಗಿ ಒಟ್ಟಿ, ತೇವ ಕಾಯ್ದು, ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ೧೯೩೦ರಲ್ಲಿ ಗೇಬ್ರಿಯೆಲ್ ತೀರಿಕೊಂಡರು.

ನಿವೃತ್ತರಾದ ಮೇಲೆ ಭಾರತ, ಸಿಂಹಳಗಳ ಚಹಾ ತೋಟಗಳನ್ನು ಸುತ್ತಿ ಬೇರುಗಳನ್ನು ಪರೀಕ್ಷಿಸಿದರು. ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಕ್ಕೆ ಜರ್ಮನಿಯ ಫ್ರಾಂಕ್ ೧೮೮೫ರಲ್ಲಿಯೇ ಮೈಕೊರೈಜ ಎಂದು ಹೆಸರಿಟ್ಟಿದ್ದನು. ಒಂದು ಕಾಲದಲ್ಲಿ ಶಿಲೀಂಧ್ರವನ್ನು ಶತ್ರುವೆಂದು ಅಭ್ಯಸಿಸಿದವರಿಗೆ ಅದು ಈಗ ಮಿತ್ರನಾಯಿತು. ಗಿಡವು ಆ ಶಿಲೀಂಧ್ರವನ್ನೇ ಜೀರ್ಣಿಸಿಕೊಂಡು ಪುಷ್ಟಿ ಪಡೆಯುವುದೆಂದು ಅವರು ೧೯೪೦ರ ಗ್ರಂಥದಲ್ಲಿ ವಾದಿಸಿದರು. ಇಲ್ಲಿ ಅವರು ಸ್ವಲ್ಪ ಮುಂದೆ ಹೋದರೆಂದೇ ಹೇಳಬೇಕು. ಕೂದಲಿಗಿಂತ ಸಣ್ಣ ಎಳೆಗಳಿಂದ ಅದು ದೂರದ ರಂಜಕವನ್ನು ಬೇರಿಗೆ ತಂದುಕೊಟ್ಟು, ಗಿಡದಿಂದ ಸಕ್ಕರೆ ಪಡೆಯುತ್ತದೆಂಬುದು ಈಗ ತಿಳಿದಿದೆ. ಕೋಸು, ಮೂಲಂಗಿ, ಸಾಸಿವೆಗಳ ಕುಲ ಮಾತ್ರ ಈ ಸ್ನೇಹಕ್ಕೆ ಸೇರುವುದಿಲ್ಲ. ಅವನ್ನೇ ಮೇಲಿಂದ ಮೇಲೆ ಬೆಳೆದರೆ ಮಣ್ಣಿನಲ್ಲಿ ಶಿಲೀಂಧ್ರ ಕ್ಷೀಣಿಸುತ್ತದೆ. ಹೋವರ್ಡರು ೧೯೪೭ರ ಅಕ್ಟೋಬರಿನಲ್ಲಿ ಕಾಲವಾದರು.

ನಮ್ಮ ಬದನೆಯನ್ನು ಕೊಂದದ್ದು ಶಿಲೀಂಧ್ರದ ಅಭಾವವಲ್ಲ. ಬದನೆ, ಟೊಮೇಟೊ ಒಂದೇ ಕುಲದವಾದ್ದರಿಂದ ಮಣ್ಣಿನಲ್ಲಿ ಬೀಡುಬಿಟ್ಟಿದ್ದ ಸೊರಗು ರೋಗದ ಅಣುಜೀವಿ. ಈ ಮುಂಗಾರಿಗೆ ಆ ಮಡಿಯಲ್ಲಿ ಮುಸುಕಿನ ಜೋಳ, ಅಕ್ಕಡಿಗೆ ಅವರೆ. ಬದನೆಗೆ ಇನ್ನೆರಡು ವರ್ಷ ಅಲ್ಲಿ ಜಾಗವಿಲ್ಲ. ತಂದೆಯವರಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ; ಆದರೂ ತಿಪ್ಪೆಯನ್ನು ತಾವೇ ಮಗುಚುತ್ತಿದ್ದಾರೆ.