ಟಿಪ್ಪು ಸುಲ್ತಾನ್: ಸೇನೆಯ ಖರ್ಚು ಕೊಡಲು ಸಿದ್ಧನಿದ್ದ, ಮಿತ್ರರೇ ಬರಲಿಲ್ಲ

ಕೋಲ್ಕತ್ತಾ: 1798ರ ಜೂನ್ ತಿಂಗಳು. ಗವರ್ನರ್ ಜನರಲ್ ಆಗಿ ಕಲ್ಕತ್ತಾಕ್ಕೆ ಬಂದು ಇನ್ನೂ ತಿಂಗಳು ತುಂಬದ ರಿಚರ್ಡ್ ವೆಲ್ಲೆಸ್ಲಿ ಊರಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಪ್ರಕಟಣೆಯೊಂದನ್ನು ಓದಿದ. ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಅದನ್ನು ಜನವರಿ 30ರಂದೇ ಹೊರಡಿಸಿದ್ದ. ಮೈಸೂರಿನ ಟಿಪ್ಪು ಸುಲ್ತಾನ್ ಇಂಗ್ಲಿಷರ ವಿರುದ್ಧ ಫ್ರೆಂಚರ ಸೇನಾ ನೆರವು ಕೇಳಿದ್ದಾನೆ, ಬರುವ ಸೈನಿಕರ ಖರ್ಚನ್ನು ಅವನೇ ನೋಡಿಕೊಳ್ಳುತ್ತಾನೆ, ಇಷ್ಟವಿದ್ದವರು ಹೆಸರು ಕೊಡಬಹುದು ಎಂಬುದು ಅದರ ಸಾರ. ಗುಟ್ಟಾಗಿರಲಿ ಎಂದು ಟಿಪ್ಪು ಕೇಳಿಕೊಂಡಿದ್ದ ಮಾತು ಹೀಗೆ ಬೀದಿಗೆ ಬಿತ್ತು.

ಟಿಪ್ಪು ಕಳಿಸಿದ್ದ ಪತ್ರದಲ್ಲಿ ಒಂದು ಸ್ವಾರಸ್ಯಕರ ಷರತ್ತೂ ಇತ್ತು. ಫ್ರೆಂಚ್ ಸೈನಿಕರಿಗೆ ಬೇಕಾದ್ದನ್ನೆಲ್ಲ ಒದಗಿಸುತ್ತೇನೆ, ಮದ್ಯವನ್ನು ಮಾತ್ರ ಕೊಡಲಾರೆ ಎಂದಿದ್ದ. ಬೊಕ್ಕಸಕ್ಕೆ ನಷ್ಟವಾದರೂ ಸರಿ ಎಂದು ತನ್ನ ರಾಜ್ಯದಲ್ಲಿ ಮದ್ಯ ಮಾರಾಟವನ್ನು ನಿಲ್ಲಿಸಿದ್ದ ದೊರೆ ಅವನು. ತನ್ನ ಆಡಳಿತವನ್ನು ಸರ್ಕಾರ್-ಎ-ಖುದಾದಾದ್, ಅಂದರೆ ದೇವರು ಕೊಟ್ಟ ಸರ್ಕಾರ ಎಂದು ಕರೆದವನು.

ದೇವರ ಹೆಸರಿನ ಈ ಸರ್ಕಾರ ಯಾರ ಜೊತೆ ಸೇರಿ ಯುದ್ಧ ಮಾಡಬೇಕು, ಆ ಖರ್ಚನ್ನು ಯಾರು ಹೊರಬೇಕು? ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಆಳ್ವಿಕೆಯ 17 ವರ್ಷಗಳೂ ಈ ಪ್ರಶ್ನೆಯ ಸುತ್ತಲೇ ಸುತ್ತಿದವು ಎಂದರೆ ತಪ್ಪಾಗದು.

ಅಪ್ಪನ ಕಾಲದ ಪಾಠ

ಒಪ್ಪಂದಗಳ ಕಹಿ ಶುರುವಾದದ್ದು ಹೈದರ್ ಅಲಿಯ ಕಾಲದಲ್ಲಿ. 1769ರ ಮದ್ರಾಸ್ ಒಪ್ಪಂದದಲ್ಲಿ ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕೆಂದು ಮೈಸೂರು ಮತ್ತು ಕಂಪನಿ ಒಪ್ಪಿದ್ದವು. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕೈಕಟ್ಟಿ ಕೂತಿತು. 1780ರಲ್ಲಿ ಹೈದರ್, ಮರಾಠರು ಮತ್ತು ನಿಜಾಮ ಒಂದಾದರು. ಎರಡೇ ವರ್ಷಕ್ಕೆ ಮರಾಠರು ಸಾಲ್ಬಾಯಿಯಲ್ಲಿ ಇಂಗ್ಲಿಷರೊಂದಿಗೆ ಬೇರೆಯೇ ಸಂಧಿ ಮಾಡಿಕೊಂಡರು. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದ. ಮುಂದಿನ ವರ್ಷ ಅವನು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಾಗ, ಯೂರೋಪಿನಲ್ಲಿ ಶಾಂತಿಯಾಯಿತೆಂಬ ಸುದ್ದಿ ಬಂದದ್ದೇ ತಡ, ಜೊತೆಗಿದ್ದ ಫ್ರೆಂಚ್ ಪಡೆ ಯುದ್ಧದಿಂದ ಹಿಂದೆ ಸರಿಯಿತು.

ಹೀಗಾಗಿಯೇ ಟಿಪ್ಪು ದೂರದ ಮಿತ್ರರನ್ನು ಹುಡುಕಿದ. 1786ರಲ್ಲಿ ಒಟ್ಟೋಮನ್ ಸುಲ್ತಾನನ ಬಳಿಗೆ ನೂರಾರು ಜನರ ರಾಯಭಾರಿ ತಂಡವನ್ನು ಹಡಗು ಹತ್ತಿಸಿದ. ಇಸ್ಲಾಮಿನ ಖಲೀಫನಿಂದ ಮನ್ನಣೆ ಪಡೆಯುವುದು ಒಂದು ಉದ್ದೇಶ. ಇನ್ನೊಂದು ಅಪ್ಪಟ ವ್ಯವಹಾರ: ಖಲೀಫ ಸೈನಿಕರನ್ನು ಕಳಿಸಲಿ, ಖರ್ಚು ಮೈಸೂರಿನದು, ಬಸ್ರಾ ಬಂದರನ್ನು ಮೈಸೂರಿಗೆ ಕೊಡಲಿ, ಬದಲಿಗೆ ಪಶ್ಚಿಮ ಕರಾವಳಿಯಲ್ಲಿ ಒಂದು ಬಂದರು ಪಡೆಯಲಿ. ಆದರೆ ಒಟ್ಟೋಮನ್ನರಿಗೆ ರಷ್ಯಾ ಜೊತೆಗಿನ ಯುದ್ಧ ತಲೆಮೇಲಿತ್ತು, ಇಂಗ್ಲಿಷರ ಸ್ನೇಹ ಬೇಕಿತ್ತು. ಮರ್ಯಾದೆ, ಉಡುಗೊರೆ ಸಿಕ್ಕವೇ ಹೊರತು ಸೇನೆ ಸಿಗಲಿಲ್ಲ. ತಂಡದ ಬಹಳ ಮಂದಿ ದಾರಿಯಲ್ಲೇ ರೋಗ ಮತ್ತು ಹಡಗು ದುರಂತಗಳಿಗೆ ಬಲಿಯಾದರು.

1788ರ ಆಗಸ್ಟ್‌ನಲ್ಲಿ ಅವನ ಮೂವರು ದೂತರು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯ ಮುಂದೆ ನಿಂತರು. ಅದೇ ತಿಂಗಳು ಫ್ರಾನ್ಸಿನ ಖಜಾನೆ ಸಾಲಗಾರರಿಗೆ ಹಣ ಕೊಡಲಾಗದೆ ಕೈಚೆಲ್ಲಿತು! ದೂತರು ಕುಶಲಕರ್ಮಿಗಳನ್ನೂ ಪಿಂಗಾಣಿ ಸಾಮಾನನ್ನೂ ತಂದರು, ಒಪ್ಪಂದ ತರಲಿಲ್ಲ. ಹತ್ತು ವರ್ಷದ ನಂತರ ಟಿಪ್ಪು ಕೈಚಾಚಿದ್ದು ಅದೇ ಲೂಯಿಯ ತಲೆ ತೆಗೆದ ಗಣರಾಜ್ಯದ ಕಡೆಗೆ. ಅವನಿಗೆ ಬೇಕಿದ್ದದ್ದು ಇಂಗ್ಲಿಷರ ಶತ್ರು. ಆ ಶತ್ರುವಿನ ಧರ್ಮವಾಗಲಿ, ಆಡಳಿತ ಪದ್ಧತಿಯಾಗಲಿ ಅಡ್ಡ ಬರಲಿಲ್ಲ.

ಮನೆಯಂಗಳದಲ್ಲಿ ಮಾತ್ರ ಲೆಕ್ಕ ತಪ್ಪಿತು. 1789ರ ಕೊನೆಯಲ್ಲಿ ಕಂಪನಿಯ ಮಿತ್ರ ತಿರುವಾಂಕೂರಿನ ಮೇಲೆ ಟಿಪ್ಪು ದಾಳಿ ಮಾಡಿದ. ಕೊಡಗು, ಮಲಬಾರಿನಲ್ಲಿ ಅವನ ಸೇನೆಯ ಕಾರ್ಯಾಚರಣೆ, ಸೆರೆ, ಬಲವಂತದ ಮತಾಂತರಗಳು ಆಗಲೇ ಸುತ್ತ ಹಗೆಯನ್ನು ಬೆಳೆಸಿದ್ದವು. 1790ರಲ್ಲಿ ಕಾರ್ನ್‌ವಾಲಿಸ್ ಮರಾಠರನ್ನೂ ಹೈದರಾಬಾದಿನ ನಿಜಾಮನನ್ನೂ ಕೂಡಿಸಿಕೊಂಡು ಮೂವರ ಕೂಟ ಕಟ್ಟಿದ. ನಿಜಾಮನೂ ಮುಸ್ಲಿಂ ದೊರೆಯೇ, ಆದರೂ ಟಿಪ್ಪುವಿನ ಕಡೆ ನಿಲ್ಲಲಿಲ್ಲ. ಇತ್ತ 1791ರಲ್ಲಿ ಮರಾಠಾ ಪಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಪತ್ರ ಬರೆದು, ಹಣ ಕಳಿಸಿ, ರಾಜ್ಯದ ಗೆಲುವಿಗಾಗಿ ಸಹಸ್ರ ಚಂಡಿ ಜಪ ಮಾಡಿಸಲು ಕೋರಿದವನು ಇದೇ ಟಿಪ್ಪು. ಪರ-ವಿರೋಧದ ಇಂದಿನ ಗದ್ದಲದಲ್ಲಿ ಈ ಎರಡನ್ನೂ ಒಟ್ಟಿಗೆ ಹೇಳುವವರು ಕಡಿಮೆ.

1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಅದು ತೀರುವವರೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ಅವರು ಮನೆಗೆ ಮರಳಿದ್ದು 1794ರಲ್ಲಿ.

ವೆಲ್ಲೆಸ್ಲಿಯ ಲೆಕ್ಕಾಚಾರ

ಮಾರಿಷಸ್ ಪ್ರಕಟಣೆ ನಂಬಿ 1798ರಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ, ಅಷ್ಟೆ. ಆದರೆ ವೆಲ್ಲೆಸ್ಲಿಗೆ ಯುದ್ಧ ಹೂಡಲು ಅಷ್ಟು ನೆಪ ಸಾಕಾಗಿತ್ತು. ಸೆಪ್ಟೆಂಬರ್ 1ರಂದು ನಿಜಾಮ ಸಹಾಯಕ ಸೈನ್ಯ ಪದ್ಧತಿಗೆ ಸಹಿ ಹಾಕಿದ. ಆರು ಬೆಟಾಲಿಯನ್ ಕಂಪನಿಯವು, ವರ್ಷಕ್ಕೆ 24 ಲಕ್ಷ ರೂಪಾಯಿಗೂ ಹೆಚ್ಚು ಖರ್ಚು ನಿಜಾಮನದು. ಟಿಪ್ಪು ಕೂಡ ಪರರ ಸೇನೆಗೆ ಹಣ ಕೊಡಲು ಒಪ್ಪಿದ್ದನಲ್ಲವೇ ಎನ್ನಬಹುದು. ವ್ಯತ್ಯಾಸ ಇರುವುದು ಹತೋಟಿಯಲ್ಲಿ. ಟಿಪ್ಪು ಕೇಳಿದ್ದು ಯುದ್ಧ ಮುಗಿಯುವ ತನಕದ ನೆರವು. ನಿಜಾಮ ಹಣ ಕೊಟ್ಟದ್ದು ತನ್ನ ಹೊಸ್ತಿಲಲ್ಲೇ ಕಾಯಂ ಆಗಿ ನಿಲ್ಲುವ ಪರರ ಸೇನೆಗೆ.

ಅದೇ ಹೊತ್ತಿಗೆ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದ. ಇದರಿಂದ ಕೆರಳಿದ ಒಟ್ಟೋಮನ್ ಸುಲ್ತಾನ 3ನೇ ಸಲೀಂ ಫ್ರೆಂಚರ ಸಹವಾಸ ಬಿಡುವಂತೆ ಟಿಪ್ಪುವಿಗೆ ಪತ್ರ ಬರೆದ. ಖಲೀಫನ ಆ ಪತ್ರವನ್ನು ತಲುಪಿಸಿದವನು ವೆಲ್ಲೆಸ್ಲಿ! ನೆರವಿನ ನಿರೀಕ್ಷೆ ಹುಟ್ಟಿಸಿದ್ದ ಅಫ್ಘನ್ ದೊರೆ ಜಮಾನ್ ಷಾ ಲಾಹೋರ್‌ವರೆಗೆ ಬಂದು ಹಿಂತಿರುಗಿದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಟಿಪ್ಪು ಕಾದಾಡುತ್ತಲೇ ಸತ್ತ.

ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ ಮರಳಿದ ಮೈಸೂರಿನ ಮೇಲೂ ಅದೇ ಪದ್ಧತಿ ಬಂತು: ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಪೊಗದಿ, ರೂಪಾಯಿ ಲೆಕ್ಕದಲ್ಲಿ 24.5 ಲಕ್ಷ. 1831ರಲ್ಲಿ ಕಂಪನಿ ಮೈಸೂರಿನ ಆಡಳಿತ ಕಿತ್ತುಕೊಂಡಾಗ ಕೊಟ್ಟ ಕಾರಣಗಳಲ್ಲಿ ಈ ಪೊಗದಿಯ ಬಾಕಿಯೂ ಒಂದು.

ಟಿಪ್ಪುವಿನ ಮನೆತನವನ್ನು ಕಂಪನಿ ವೆಲ್ಲೂರಿನಲ್ಲಿ ಇರಿಸಿತು. ಅವರ ನಿರ್ವಹಣೆಗೆಂದು ಗೆದ್ದ ಮೈಸೂರಿನ ಆದಾಯದಲ್ಲೇ 2 ಲಕ್ಷ ಪಗೋಡ ತೆಗೆದಿಟ್ಟಿತ್ತು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಟಿಪ್ಪುವಿನ ಗಂಡುಮಕ್ಕಳನ್ನು ಕಲ್ಕತ್ತಾಕ್ಕೆ ಸಾಗಿಸಲಾಯಿತು. ಕಿರಿಯ ಮಗ ಗುಲಾಂ ಮಹಮ್ಮದ್ 1842ರಲ್ಲಿ ಕಟ್ಟಿಸಿದ ಟಿಪ್ಪು ಸುಲ್ತಾನ್ ಮಸೀದಿ ಇಂದಿಗೂ ಧರ್ಮತಲಾದ ಜನಜಂಗುಳಿಯ ನಡುವೆ ನಿಂತಿದೆ. ದೇವರಿಗೆ ಕೃತಜ್ಞತೆಯಾಗಿ, ಹಾಗೂ ಕಂಪನಿಯ ನಿರ್ದೇಶಕರು 1840ರಲ್ಲಿ ತನ್ನ ಪಿಂಚಣಿ ಬಾಕಿ ಮಂಜೂರು ಮಾಡಿದ್ದರ ನೆನಪಿಗೆ ಅದನ್ನು ಕಟ್ಟಿಸಿದ್ದಾಗಿ ಅಲ್ಲಿನ ಶಾಸನ ಹೇಳುತ್ತದೆ.